ಅಪ್ಪಯ್ಯನ ಕಾಯಿಲೆ ಅಪ್ಪಯ್ಯನಿಗೇ ಗೊತ್ತಿಲ್ಲ

ಪತ್ರ: ಅಪ್ಪಯ್ಯನಿಗೆ ಬಾಯಿ ಕ್ಯಾನ್ಸರ್. ನಾವು ಸುಮ್ನೆ ಹುಣ್ಣು ಅಂತ ಹೇಳಿದ್ದೇವೆ. ಡಾಕ್ಟರು ಮಾತ್ರ ಅವರಿಗೆ ತಿಳಿಸಲೇಬೇಕು ಅಂತ ಹಟ ಹಿಡಿದಿದ್ದಾರೆ. ವಯಸ್ಸಾದವರ ಎದೆ ಒಡೆಸುವುದು ಯಾವ ಧರ್ಮ? ಬೇರೆ ಡಾಕ್ಟರನ್ನು ನೋಡೋಣ ಅಂತಿದ್ದೇವೆ.
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಪತ್ರದ ತುಂಬ ಪ್ರೀತಿ ಇದೆ. ಕೆಟ್ಟ ಸುದ್ದಿಯನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋಗುವ ಡಾಕ್ಟರೂ ಇದ್ದಾರೆ, ಒಪ್ಪಿದೆ. 'ನನಗೇನೂ ಹೇಳಬೇಡಿ, ಮಗನ ಹತ್ತಿರ ಮಾತಾಡಿ' ಅನ್ನುವ ರೋಗಿಗಳೂ ಇದ್ದಾರೆ. ಹಾಗನ್ನುವುದು ಅವರ ಹಕ್ಕು. ಆದರೆ ನಿಮ್ಮ ಅಪ್ಪಯ್ಯ ಹಾಗೆ ಅಂದರಾ? ಪತ್ರ ಮತ್ತೆ ಓದಿದೆ. ಅವರನ್ನು ಯಾರೂ ಕೇಳಿದ ಹಾಗಿಲ್ಲ.

ಅಮೆರಿಕದ ವೈದ್ಯರೂ ಒಂದು ಕಾಲಕ್ಕೆ ನಿಮ್ಮ ಹಾಗೇ ಇದ್ದರು. 1961ರ ಸಮೀಕ್ಷೆಯೊಂದರಲ್ಲಿ ಸುಮಾರು ಶೇ. 90 ವೈದ್ಯರು ರೋಗಿಗೆ ಕ್ಯಾನ್ಸರ್ ವಿಷಯ ತಿಳಿಸದಿರುವುದೇ ಲೇಸು ಅಂದಿದ್ದರು. 1979ರಲ್ಲಿ ಅದೇ ಪ್ರಶ್ನೆಗೆ ಶೇ. 97 ಮಂದಿ ತಿಳಿಸುತ್ತೇವೆ ಅಂದರು. ನಮ್ಮ ಸುಪ್ರೀಂ ಕೋರ್ಟಿನ 2008ರ ತೀರ್ಪು ಇನ್ನೂ ಖಡಕ್ಕು. ಅರಿವಳಿಕೆಯಲ್ಲಿದ್ದ ದೆಹಲಿಯ ಮಹಿಳೆಯೊಬ್ಬರ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ಪ್ರಾಣಕ್ಕೆ ತುರ್ತು ಇರಲಿಲ್ಲ, ಮಗಳು ವಯಸ್ಕಳು, ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಎಂದಿತು ಕೋರ್ಟು. ಹೆತ್ತ ತಾಯಿಗೇ ಇಲ್ಲದ ಅಧಿಕಾರ ಮಗನಿಗೆ ಎಲ್ಲಿಂದ ಬರಬೇಕು? ಹುಣ್ಣು ಅಂತ ನಂಬಿಸಿ ದವಡೆಯ ಆಪರೇಷನ್ನಿಗೆ ಸಹಿ ಹಾಕಿಸಿದರೆ ಆ ಸಹಿಗೆ ಏನು ಬೆಲೆ ಹೇಳಿ.

ಸಿದ್ದಾಪುರ ಕಡೆಯ ನಮ್ಮ ನೆಂಟರ ಮನೆಯಲ್ಲೂ ಹೀಗೇ ಆಗಿತ್ತು. ಮನೆಯ ಹಿರಿಯರನ್ನು ಮಕ್ಕಳು ರೇಡಿಯೇಷನ್ನಿಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಿದ್ದರು. ಆಸ್ಪತ್ರೆಯ ಬೋರ್ಡು ಅವರಿಗೆ ಓದಲು ಬರುತ್ತದೆ ಅನ್ನುವುದು ಮಕ್ಕಳಿಗೆ ಹೊಳೆಯಲೇ ಇಲ್ಲ! ಮಕ್ಕಳಿಗೆ ಬೇಜಾರಾದೀತು ಅಂತ ಅವರೂ ಬಾಯಿ ಬಿಡಲಿಲ್ಲ. ಕೊನೆಗೆ ಮಾತೇ ಬಿದ್ದುಹೋಯಿತು. ತೋಟದ ಹಿಸ್ಸೆ, ಸೊಸೈಟಿ ಸಾಲ, ತಂಗಿಗೆ ಕೊಡಬೇಕಾದ್ದು, ಯಾವುದೂ ಇತ್ಯರ್ಥವಾಗಲಿಲ್ಲ. ಅಣ್ಣತಮ್ಮ ಈಗ ಕೋರ್ಟಿಗೆ ಅಲೆಯುತ್ತಿದ್ದಾರೆ.

ನಿಮ್ಮನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಮುಚ್ಚಿಡುವುದು ನಮ್ಮ ಸೀಮೆಯ ಚಾಳಿ. ತಂಬಾಕು ಹಾಕದ ಕವಳದಿಂದಲೂ (ಎಲೆಅಡಿಕೆಯಿಂದಲೂ) ಬಾಯಿ ಕ್ಯಾನ್ಸರ್ ಬರುತ್ತದೆ, ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಶಿರಸಿ ಪೇಟೆಯಲ್ಲಿ ನಿಂತು ಇದನ್ನು ಹೇಳಿ ನೋಡಿ! ಅಡಿಕೆ ದರ ಬೀಳಿಸುವ ಹುನ್ನಾರ ಅನ್ನುತ್ತಾರೆ. (ಇದನ್ನು ಓದಿ ಕೆಲವರು ಚಂದಾ ನಿಲ್ಲಿಸಬಹುದು. ನಿಲ್ಲಿಸಲಿ.) ಸಾವಿರಾರು ಮನೆಗಳ ಒಲೆ ಉರಿಯುವುದು ಅಡಿಕೆಯಿಂದಲೇ, ಗೊತ್ತು. ಆದರೆ ಬಾಯಲ್ಲಿ ಬಿಳಿ ಮಚ್ಚೆ ಎದ್ದರೆ, ಬಾಯಿ ಅಗಲಿಸಲು ಕಷ್ಟವಾದರೆ ತಡ ಮಾಡದೆ ತೋರಿಸಿ ಅಂದರೆ ಯಾವ ದರ ಬೀಳುತ್ತದೆ? ಮದುವೆ ಮನೆಯಲ್ಲಿ ಕವಳದ ಬಟ್ಟಲು ಸುತ್ತು ಬರುತ್ತದೆ, ಈ ಮಾತು ಮಾತ್ರ ಬರುವುದಿಲ್ಲ.

ಡಾಕ್ಟರನ್ನು ಬದಲಾಯಿಸುವ ಯೋಚನೆ ಬಿಡಿ. ಹಟ ಹಿಡಿಯುವಷ್ಟು ಕಾಳಜಿ ಇರುವವರು ಸಿಗುವುದೇ ಅಪರೂಪ. ಮುಂದಿನ ಸಲ ಹೋದಾಗ ಅಪ್ಪಯ್ಯನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ಎಷ್ಟು ತಿಳಿದುಕೊಳ್ಳುತ್ತೀರಿ ಅಂತ ಡಾಕ್ಟರು ಅವರನ್ನೇ ಕೇಳಲಿ.
– ಸಂ.