ಸ್ಟಿಕ್ಕರ್ ಸಿಕ್ಕರೆ ಜಾಗ ಸಿಕ್ಕಂತಲ್ಲ

ಸೆಪ್ಟೆಂಬರ್ 1ಕ್ಕೆ ಬಾಸ್ಟನ್‌ನ ಆಲ್‌ಸ್ಟನ್‌ಗೆ ಬರುತ್ತಿದ್ದೀರಿ. ಮನೆಗೆ ಪಾರ್ಕಿಂಗ್ ಇಲ್ಲ. ಬೀದಿಯಲ್ಲಿ ಪರ್ಮಿಟ್ ಬೇಕೋ ಬೇಡವೋ ಅಂತ ಅಕ್ಕಪಕ್ಕದವರು ಜಗಳ ಆಡುತ್ತಿದ್ದಾರೆ, ಅದಕ್ಕೊಂದು ಮೀಟಿಂಗೂ ಇದೆ ಅಂತ ಬ್ರೋಕರ್ ಹೇಳಿದ್ದಾನೆ. ‘ಕಾರು ತಗೊಳ್ಳಲಾ? ಆ ಮೀಟಿಂಗಿಗೆ ನಾನೂ ಹೋಗಬೇಕಾ?’ ಇಷ್ಟು ನಿಮ್ಮ ಪ್ರಶ್ನೆ.

ಮೊದಲ ಚಳಿಗಾಲ ಕಾರು ಬೇಡ. ಕಾಮನ್‌ವೆಲ್ತ್ ಅವೆನ್ಯೂ ಮೇಲೆ ಗ್ರೀನ್ ಲೈನ್ ರೈಲು ಓಡುತ್ತದೆ, ಸಾಕು. ಆದರೆ ನೀವು ಕೇಳುವುದಿಲ್ಲ ಅಂತ ಗೊತ್ತು. ನಾನೂ ಕೇಳಿರಲಿಲ್ಲ.

ಇಲ್ಲಿ ಪರ್ಮಿಟ್ ಅಂದರೆ ಒಂದು ಸ್ಟಿಕ್ಕರ್. ಅದರ ಮೇಲೆ ನಿಮ್ಮ ಏರಿಯಾ ಹೆಸರು ಇರುತ್ತದೆ, ಆ ಏರಿಯಾದಲ್ಲಿ ಮಾತ್ರ ನಡೆಯುತ್ತದೆ. ಕಾರು ಮ್ಯಾಸಚೂಸೆಟ್ಸ್‌ನಲ್ಲಿ, ನಿಮ್ಮ ಹೆಸರಲ್ಲಿ, ಆ ಮನೆಯ ವಿಳಾಸಕ್ಕೆ ರಿಜಿಸ್ಟರ್ ಆಗಿರಬೇಕು. ನ್ಯೂಜೆರ್ಸಿಯಲ್ಲಿರುವ ಸ್ನೇಹಿತ ಹಳೆ ಕಾರು ಅಗ್ಗಕ್ಕೆ ಕೊಡುತ್ತಾನೆ ಅಂತ ಓಡಿಸಿಕೊಂಡು ಬಂದರೆ, ನಂಬರ್ ಪ್ಲೇಟ್ ಬದಲಾಯಿಸುವ ತನಕ ಸ್ಟಿಕ್ಕರ್ ಇಲ್ಲ. ಅಷ್ಟರೊಳಗೆ ಟಿಕೆಟ್ಟಿನ, ಅಂದರೆ ದಂಡದ, ದುಡ್ಡೇ ಕಾರಿನ ಬೆಲೆ ಆಗಿರುತ್ತದೆ.

ಸ್ಟಿಕ್ಕರ್ ಪುಕ್ಕಟೆ. ಒಬ್ಬರಿಗೆ ಇಷ್ಟೇ ಅಂತ ಮಿತಿಯೂ ಇಲ್ಲ. ಗಲಾಟೆಯ ಬೇರು ಇರುವುದೇ ಇಲ್ಲಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತೀವಲ್ಲ, ಹಾಗೆ. ಐದು ಜನ ಹುಡುಗರು ಸೇರಿ ಒಂದು ಮನೆ ಹಿಡಿದರೆ ಐದು ಕಾರು, ಐದು ಸ್ಟಿಕ್ಕರ್. ಸ್ಟಿಕ್ಕರ್ ಎಷ್ಟು ಬೇಕಾದರೂ ಅಚ್ಚು ಹಾಕಬಹುದು, ಬೀದಿ ಉದ್ದ ಆಗುತ್ತದಾ? ನಿಮಗೆ ಸಿಗುವುದು ಜಾಗ ಹುಡುಕುವ ಹಕ್ಕು, ಜಾಗ ಅಲ್ಲ. ಈಗ ಮೇಯರ್ ಆಗಿರುವ ಮಿಶೆಲ್ ವೂ ಕೌನ್ಸಿಲರ್ ಆಗಿದ್ದಾಗ ವರ್ಷಕ್ಕೆ 25 ಡಾಲರ್ ಶುಲ್ಕ ಇಡೋಣ ಅಂದಿದ್ದರು. ಅದಕ್ಕೇ ಜನ ಉರಿದುಬಿದ್ದರು. ನಿಮಗೆ ಹೊಸದೇನಲ್ಲ ಬಿಡಿ. ಬೆಂಗಳೂರಿನಲ್ಲೂ 2021ರ ಪಾರ್ಕಿಂಗ್ ನೀತಿ ಮನೆ ಮುಂದೆ ಕಾರು ನಿಲ್ಲಿಸಲು ವರ್ಷಕ್ಕೆ 1,000ದಿಂದ 5,000 ರೂಪಾಯಿ ಅಂದಾಗ ‘ನಮ್ಮ ಮನೆ ಮುಂದೆ ನಾವೇ ದುಡ್ಡು ಕೊಡಬೇಕಾ’ ಅಂದವರೇ ಜಾಸ್ತಿ.

‘ರಸ್ತೆ ಎಲ್ಲರದ್ದು ಅಲ್ವಾ, ಇದು ಕಾನೂನಿಗೆ ಸರಿಯಾ?’ ಅಂತ ನಿಮ್ಮ ಹಾಗೇ ಹಿಂದೆ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲೂ ಕೇಳಿದ್ದರು. ಅಲ್ಲಿ ಹತ್ತಿರದ ಆಫೀಸುಗಳಿಗೆ ಬರುವವರು ಮನೆಗಳ ಮುಂದೆ ಕಾರು ಬಿಟ್ಟು ಹೋಗುತ್ತಿದ್ದರು. ಕೇಸು ಸುಪ್ರೀಂ ಕೋರ್ಟ್‌ಗೇ ಹೋಯಿತು. 1977ರಲ್ಲಿ ಕೋರ್ಟು ಆ ಊರಿನ ಪರ್ಮಿಟ್ ನಿಯಮವನ್ನು ಎತ್ತಿಹಿಡಿಯಿತು. ಹಾಗಾಗಿ ಆ ವಾದ ಮೀಟಿಂಗಿನಲ್ಲಿ ಎತ್ತಬೇಡಿ, ಸುಮ್ನೆ ಹೊತ್ತು ಹೋಗುತ್ತದೆ.

ಮೀಟಿಂಗಿಗೆ ಮಾತ್ರ ಹೋಗಿ. ಆಲ್‌ಸ್ಟನ್ ಪಕ್ಕದ ಬ್ರೈಟನ್‌ನಲ್ಲಿ ನಮ್ಮ ಬೀದಿಯದ್ದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ನಡೆದಿತ್ತು. ಮಡಚುವ ಕುರ್ಚಿ, ಆರಿದ ಕಾಫಿ, ಮೂವತ್ತು ಜನ. ನಲವತ್ತು ವರ್ಷದಿಂದ ಅಲ್ಲೇ ಇದ್ದ ಒಬ್ಬ ಅಜ್ಜ ಎದ್ದು, ‘ಬೆಳಿಗ್ಗೆ ದೂರದವರು ಇಲ್ಲಿ ಕಾರು ಬಿಟ್ಟು ರೈಲು ಹತ್ತುತ್ತಾರೆ, ನಾನು ದಿನಸಿ ಚೀಲ ಹೊತ್ತು ಮೂರು ಬೀದಿ ನಡೀತೀನಿ’ ಅಂದರು. ಎಲ್ಲರೂ ತಲೆಯಾಡಿಸಿದೆವು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ನರ್ಸ್ ಕೇಳಿದಳು: ‘ಇವರ ಪಕ್ಕದ ಮನೆಯ ಅಜ್ಜಿಗೆ ಸ್ನಾನ ಮಾಡಿಸಲು ದಿನಾ ಬರೋಳು ನಾನು. ನಾನು ಎಲ್ಲಿ ನಿಲ್ಲಿಸಲಿ?’ ಯಾರೂ ಮಾತಾಡಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ ಮುಂದಿನ ವಿಷಯಕ್ಕೆ ಹೋದರು. ಆ ದಿನ ನಾನು ಪರ್ಮಿಟ್ ಪರವಾಗಿಯೇ ಕೈ ಎತ್ತಿದೆ. ನನಗೆ ಕಾರು ಇತ್ತು, ನರ್ಸು ಬೇಕಿರಲಿಲ್ಲ.

ಪರ್ಮಿಟ್ ಇದ್ದವರಿಗೆ ಮಾತ್ರ ಅನ್ನುವ ಫಲಕಗಳು ಬಂದವು. ಆರು ತಿಂಗಳಿಗೆ ಮಗಳ ನಾಮಕರಣ. ಕನ್ನಡ ಕೂಟದ ಸ್ನೇಹಿತರು ಊರಾಚೆಯಿಂದ ಏಳು ಕಾರಿನಲ್ಲಿ ಬಂದರು. ಬಾಗಿಲು ತೆರೆಯುತ್ತಲೇ ಹೇಳಬೇಕಿತ್ತು, ಹೋಳಿಗೆ ಬೇಯಿಸುವ ಗಡಿಬಿಡಿಯಲ್ಲಿ ಮರೆತೆ. ಹೊರಡುವಾಗ ನಾಲ್ಕು ಗಾಜಿನ ಮೇಲೆ ಟಿಕೆಟ್, ತಲಾ 60 ಡಾಲರ್. ‘ಪರವಾಗಿಲ್ಲ ಬಿಡಿ’ ಅಂತ ನಕ್ಕರು ಪಾಪ. ನನಗೆ ಆ ನರ್ಸಿನ ಮುಖ ನೆನಪಾಯಿತು. ನಿಮ್ಮ ಬೀದಿಯಲ್ಲಿ ಇನ್ನೂ ತೀರ್ಮಾನ ಆಗಿಲ್ಲವಾದ್ದರಿಂದ ಹೇಳುತ್ತಿದ್ದೇನೆ: ಇಡೀ ಬೀದಿಗೆ ಪರ್ಮಿಟ್ ಅಂದರೆ ಒಪ್ಪಬೇಡಿ, ಬಂದುಹೋಗುವವರಿಗೆ ಎರಡು ಗಂಟೆಯ ಜಾಗ ನಾಲ್ಕಾದರೂ ಬಿಡಿಸಿ. ಬಾಡಿಗೆದಾರರು ಮೀಟಿಂಗಿಗೆ ಬರುವುದೇ ಕಡಿಮೆ, ಬಾಯಿ ಬಿಟ್ಟರೆ ಕೇಳುತ್ತಾರೆ.

ಇನ್ನು ಹಿಮ. 2015ರ ಚಳಿಗಾಲದಲ್ಲಿ ಇಲ್ಲಿ ಸುಮಾರು 110 ಇಂಚು ಬಿತ್ತು. ಎರಡು ಗಂಟೆ ಸಲಿಕೆ ಹಿಡಿದು ಕಾರು ಹೊರತೆಗೆದವನು ಆ ಜಾಗದಲ್ಲಿ ಕುರ್ಚಿಯೋ ಬಕೆಟ್ಟೋ ಇಟ್ಟು ಹೋಗುತ್ತಾನೆ. ನಮ್ಮ ರಾಜಾಜಿನಗರದಲ್ಲಿ ಗೇಟಿನ ಮುಂದೆ ಕಲ್ಲು ಇಡುವುದಿಲ್ಲವೇ, ಥೇಟ್ ಅದೇ. ವ್ಯತ್ಯಾಸ ಏನೆಂದರೆ, ಇಲ್ಲಿ ಹಿಮದ ತುರ್ತುಸ್ಥಿತಿ ಮುಗಿದ 48 ಗಂಟೆಯ ತನಕ ನಗರವೇ ಇದನ್ನು ಸಹಿಸಿಕೊಳ್ಳುತ್ತದೆ. ಬಾಸ್ಟನ್‌ನ ಸೌತ್ ಎಂಡ್ ಕಡೆ ಮಾತ್ರ ಇದು ನಡೆಯುವುದಿಲ್ಲ. ಸ್ಟಿಕ್ಕರ್ ಇದೆ ಅಂತ ಇನ್ನೊಬ್ಬನ ಕುರ್ಚಿ ಸರಿಸಬೇಡಿ. ಬೆಳಿಗ್ಗೆ ಟೈರಿನಲ್ಲಿ ಗಾಳಿ ಇಲ್ಲದ ಕಾರುಗಳನ್ನು ನೋಡಿದ್ದೇನೆ.

ನೀವು ಬರುವ ದಿನ ಆಲ್‌ಸ್ಟನ್ ತುಂಬಾ ಟ್ರಕ್ಕುಗಳು. ಹೆಚ್ಚಿನವರ ಬಾಡಿಗೆ ಕರಾರು ಅವತ್ತೇ ಬದಲಾಗುವುದು, ಹಳೆ ಸಾಮಾನು ಫುಟ್‌ಪಾತ್ ಮೇಲೆ ರಾಶಿ. ಅದಕ್ಕೆ ‘ಆಲ್‌ಸ್ಟನ್ ಕ್ರಿಸ್‌ಮಸ್’ ಅಂತಾರೆ. ಸೋಫಾ, ಹಾಸಿಗೆ ಮುಟ್ಟಬೇಡಿ, ತಿಗಣೆ ಇರುತ್ತದೆ. ಕಾಲು ಅಲ್ಲಾಡುವ ಮರದ ಕುರ್ಚಿ ಕಂಡರೆ ಮಾತ್ರ ಬಿಡಬೇಡಿ, ಜನವರಿಗೆ ಬೇಕಾಗುತ್ತದೆ.