ವಾಯುಪಡೆಯ ಎಲೆಕ್ಟ್ರಾನಿಕ್ಸ್ ಅನುಭವದಿಂದ ನಾಗರಿಕ ವಿಮಾನಯಾನದಲ್ಲಿ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಸೇವಾ ಪ್ರಮಾಣಪತ್ರವೊಂದೇ ಸಾಲದು. ವಿಮಾನಗಳ ರೇಡಿಯೊ, ರೇಡಾರ್ ನೋಡಿಕೊಳ್ಳುತ್ತಿದ್ದ ನಿಮ್ಮ ಅಣ್ಣನವರು ಮುಂದಿನ ವರ್ಷ ನಿವೃತ್ತರಾಗಿ ಹಾಸನಕ್ಕೆ ಮರಳುತ್ತಾರೆ ಎಂದು ಬರೆದಿದ್ದೀರಿ. ಅವರಿಗೆ ನೇರವಾದ ದಾರಿಯೆಂದರೆ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನೀಡುವ ವಿಮಾನ ನಿರ್ವಹಣಾ ಪರವಾನಗಿ. ಅದರಲ್ಲಿ ವಿಮಾನದ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ, ಅಂದರೆ ಏವಿಯಾನಿಕ್ಸ್‌ಗೆ ಸೇರಿದ್ದು ಬಿ2 ವರ್ಗ. ಸೇನೆಯ ಅನುಭವವು ಸಮಾನವೆಂದು ಕಂಡುಬಂದರೆ ಅದನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶವಿದೆಯಾದರೂ, ನಾಗರಿಕ ವಿಮಾನಗಳ ಮೇಲೆ ಹೆಚ್ಚುವರಿ ಅನುಭವ ಗಳಿಸಲೇಬೇಕು, ವಿಷಯವಾರು ಮಾಡ್ಯೂಲ್ ಪರೀಕ್ಷೆಗಳಲ್ಲೂ ತೇರ್ಗಡೆಯಾಗಬೇಕು. ಎಲೆಕ್ಟ್ರಾನಿಕ್ಸ್ ಮೂಲತತ್ತ್ವಗಳ ಪತ್ರಿಕೆ ಅವರಿಗೆ ಸುಲಭವಾದೀತು. ಹೊಸದಾಗಿ ಕುಳಿತು ಓದಬೇಕಾದದ್ದು ವಿಮಾನಯಾನ ಕಾನೂನು.

ಹೆಚ್ಚುವರಿ ಅನುಭವ ಏಕೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಯುದ್ಧವಿಮಾನಗಳಲ್ಲಿ ಉಪಕರಣಗಳ ನಡುವೆ ಮಾಹಿತಿ ಸಾಗಿಸಲು ಬಳಸುವ ತಂತಿಜಾಲವಾದ ಮಿಲ್-ಸ್ಟ್ಯಾಂಡರ್ಡ್ 1553 ಬಸ್‌ನಲ್ಲಿ, ಒಂದು ನಿಯಂತ್ರಕದ ಆಜ್ಞೆಯಂತೆ ಎಲ್ಲ ಉಪಕರಣಗಳೂ ಒಂದೇ ತಂತಿಜೋಡಿಯ ಮೇಲೆ ಮಾಹಿತಿಯನ್ನು ಕಳಿಸುತ್ತವೆ, ಪಡೆಯುತ್ತವೆ. ಅನೇಕ ಪ್ರಯಾಣಿಕ ವಿಮಾನಗಳಲ್ಲಿ ಇದೇ ಕೆಲಸಕ್ಕಿರುವ ಆರಿಂಕ್ 429ರಲ್ಲಾದರೋ ಒಂದು ತಂತಿಜೋಡಿಗೆ ಒಂದೇ ಪ್ರೇಷಕ, ಗರಿಷ್ಠ 20 ಗ್ರಾಹಕಗಳು. ಮಾಹಿತಿ ಒಂದೇ ದಿಕ್ಕಿನಲ್ಲಿ 32 ಬಿಟ್‌ಗಳ ಪದಗಳಾಗಿ ಸಾಗುತ್ತದೆ. ಹೀಗಾಗಿ ದೋಷ ಹುಡುಕುವ ಕ್ರಮವೇ ಬೇರೆಯಾಗುತ್ತದೆ. ಇದಕ್ಕಿಂತ ದೊಡ್ಡ ಬದಲಾವಣೆ, ನನ್ನ ದೃಷ್ಟಿಯಲ್ಲಿ, ಹೊಣೆಯದು: ಪರವಾನಗಿಯುಳ್ಳವರು ತಮ್ಮ ಹೆಸರಿನಲ್ಲಿ ಸಹಿ ಹಾಕಿದ ಮೇಲೆಯೇ ವಿಮಾನ ಹಾರಾಟಕ್ಕೆ ಮರಳುತ್ತದೆ.

ಈ ಕೆಲಸಕ್ಕೆ ಹಾಸನದಿಂದ ಬೆಂಗಳೂರಿಗೆ ಹೋಗಬೇಕಾಗುತ್ತದೆ. ವಿಮಾನ ದುರಸ್ತಿಯ ಹ್ಯಾಂಗರ್ ಕೆಲಸ ಬೇಡವೆಂದರೆ, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಎಲೆಕ್ಟ್ರಾನಿಕ್ಸ್ ಹುದ್ದೆಗಳಿವೆ. ಅಲ್ಲಿನವರು ಐಎಲ್ಎಸ್ (ವಿಮಾನ ಇಳಿಯಲು ರೇಡಿಯೊ ಸಂಕೇತಗಳಿಂದ ದಾರಿ ತೋರುವ ವ್ಯವಸ್ಥೆ), ರೇಡಾರ್‌ಗಳಂತಹ ನೆಲದ ಉಪಕರಣಗಳನ್ನು ನಿರ್ವಹಿಸುತ್ತಾರೆ. ಯಾವುದನ್ನು ಆರಿಸಿದರೂ, ಯಾವ ಉಪಕರಣದ ಮೇಲೆ ಎಷ್ಟು ಕಾಲ ಕೆಲಸ ಮಾಡಿದ್ದೇನೆಂಬ ವಿವರವಾದ ದಾಖಲೆಯನ್ನು ಅವರು ಸೇವೆಯಲ್ಲಿರುವಾಗಲೇ ಮೇಲಧಿಕಾರಿಗಳಿಂದ ದೃಢೀಕರಿಸಿಕೊಳ್ಳಲಿ.