ಬೆಂಚ್ ಪ್ರೆಸ್ ಮಾಡಿದರೆ ಭುಜಕ್ಕೇ ಕೆಲಸ ಬೀಳುತ್ತದೆ, ಎದೆ ಬೆಳೆಯುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಸೆಟ್ ಮುಗಿದಾಗ ಭುಜದ ಮುಂಭಾಗ ಉರಿಯುತ್ತದೆ, ಎದೆಗೆ ಏನೂ ಆಗಿರುವುದಿಲ್ಲ ಅನ್ನುವುದಾದರೆ ಬಹುಶಃ ರಾಡ್ ಎತ್ತುವ ಮೊದಲೇ ಕೆಲಸ ಕೆಟ್ಟಿರುತ್ತದೆ. ಮಲಗಿದ ಕೂಡಲೇ ಎರಡೂ ಶೋಲ್ಡರ್ ಬ್ಲೇಡ್‌ಗಳನ್ನು (ಬೆನ್ನಿನ ಮೇಲ್ಭಾಗದ ಚಪ್ಪಟೆ ಮೂಳೆಗಳು) ಹಿಂದಕ್ಕೆ ಎಳೆದು, ಸೊಂಟದ ಕಡೆಗೆ ಇಳಿಸಿ, ಬೆಂಚಿಗೆ ಒತ್ತಿ ಹಿಡಿಯಿರಿ. ಎದೆ ತಾನಾಗಿ ಮೇಲೇಳುತ್ತದೆ. ಸೊಂಟದ ಹಿಂದೆ ಅಂಗೈ ತೂರುವಷ್ಟು ಸಂದು ಇರಲಿ, ಆದರೆ ಕುಂಡಿ ಬೆಂಚ್ ಬಿಡಬಾರದು. ಸೆಟ್ಟಿನ ನಡುವೆ ಬ್ಲೇಡ್‌ಗಳು ಸಡಿಲಾದರೆ ಭುಜ ಮುಂದಕ್ಕೆ ಜಾರಿ ಎದೆಯ ಪಾಲಿನ ಭಾರವನ್ನೂ ಹೊತ್ತುಕೊಳ್ಳುತ್ತದೆ. ಮೇಲೆ ಹೋದಾಗ ರಾಡನ್ನು ಇನ್ನೊಂದಿಷ್ಟು ತಳ್ಳೋಣ ಅಂತ ಭುಜ ಎತ್ತುವವರಿಗೂ ಆಗುವುದು ಇದೇ.

ಹಿಡಿತ ಭುಜದ ಅಗಲದ ಸುಮಾರು ಒಂದೂವರೆ ಪಟ್ಟು ಇರಲಿ. ರಾಡ್ ಎದೆ ಮುಟ್ಟಿದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ನೆಟ್ಟಗೆ ನಿಂತಿದ್ದರೆ ಅಳತೆ ಸರಿಯಿದೆ. ಮೊಣಕೈ ಪಕ್ಕೆಯಿಂದ 45ರಿಂದ 70 ಡಿಗ್ರಿ. 90ಕ್ಕೆ ಅಗಲಿಸಿ ಕತ್ತಿನ ಹತ್ತಿರ ಇಳಿಸಿದರೆ ಭುಜದ ಕೀಲಿನ ಮೇಲೆ ಒತ್ತಡ ಹೆಚ್ಚುತ್ತದೆ. ಮೊಲೆತೊಟ್ಟಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, 2–3 ಸೆಕೆಂಡ್ ತೆಗೆದುಕೊಂಡು ಇಳಿಸಿ, ಒಂದು ಕ್ಷಣ ನಿಲ್ಲಿಸಿ, ತಳ್ಳುತ್ತಾ ಸ್ವಲ್ಪ ತಲೆಯ ಕಡೆಗೆ ಒಯ್ಯಿರಿ. ಎದೆಯ ಮೇಲೆ ಕುಪ್ಪಳಿಸಿ ಎತ್ತುವ ತೂಕವನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟನ್ನೂ ಪಾಲಿಸಲು ಈಗಿನ ತೂಕದಲ್ಲಿ ಕಾಲು ಭಾಗ ಇಳಿಸಬೇಕಾಗಬಹುದು, ಇಳಿಸಿ.

ಎದೆಯ ಮೇಲ್ಭಾಗಕ್ಕೆ ಇನ್‌ಕ್ಲೈನ್ ಡಂಬೆಲ್ ಪ್ರೆಸ್ (ತಲೆಯ ಕಡೆ ಎತ್ತರಿಸಿದ ಬೆಂಚಿನಲ್ಲಿ ಡಂಬೆಲ್ ತಳ್ಳುವುದು) ಸೇರಿಸಿ. ಬೆಂಚ್ 30 ಡಿಗ್ರಿ ಸಾಕು, 45 ದಾಟಿದರೆ ಮತ್ತೆ ಭುಜದ ಪಾಲೇ ಹೆಚ್ಚುತ್ತದೆ. ಡಂಬೆಲ್‌ಗೆ ಎದೆ ಅಡ್ಡ ಬರುವುದಿಲ್ಲವಾದ್ದರಿಂದ ಸ್ನಾಯು ಚೆನ್ನಾಗಿ ಹಿಗ್ಗುವವರೆಗೂ ಇಳಿಸಬಹುದು. ಕೊನೆಗೆ ಎರಡು ಸೆಟ್ ಕೇಬಲ್ ಫ್ಲೈ, ಅಂದರೆ ಅಗಲಿಸಿದ ಕೈಗಳಿಂದ ಕೇಬಲ್ ಹಿಡಿಕೆಗಳನ್ನು ಎದೆಯ ಮುಂದೆ ತರುವುದು: ಮೊಣಕೈ ತುಸು ಬಾಗಿದ್ದು ಹಾಗೇ ಇರಲಿ, ಮಡಚಿ ಬಿಚ್ಚಿದರೆ ಅದು ಪ್ರೆಸ್ ಆಗಿಬಿಡುತ್ತದೆ. ಎದೆಯ ನಡುವಿನ ಸಂದು ತುಂಬಿಸುವ ವ್ಯಾಯಾಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ನಾಯು ಮೂಳೆಗೆ ಅಂಟಿಕೊಂಡ ಜಾಗ ಹುಟ್ಟಿನಿಂದ ಬಂದದ್ದು.

ವಾರಕ್ಕೆ ಎರಡು ದಿನ, ಒಟ್ಟು 10–14 ಸೆಟ್, ಸೆಟ್ಟಿಗೆ 8–12 ರೆಪ್ಸ್ (ಅಷ್ಟು ಸಲ ಇಳಿಸಿ ಎತ್ತುವುದು). ಇನ್ನೂ ಒಂದೆರಡು ಆಗುತ್ತಿತ್ತು ಅನ್ನುವಾಗ ನಿಲ್ಲಿಸಿ. ಬೆಂಚ್ ಪ್ರೆಸ್‌ನಲ್ಲಿ ಎಲ್ಲ ಸೆಟ್ಟಲ್ಲೂ 12 ಬಂದ ಮೇಲಷ್ಟೇ ಎರಡೂ ಬದಿಗೆ 1.25 ಕೆಜಿ ಪ್ಲೇಟ್ ಏರಿಸಿ. ಹೆಬ್ಬೆರಳನ್ನು ರಾಡಿಗೆ ಸುತ್ತಿಯೇ ಹಿಡಿಯಿರಿ, ಜೊತೆಗೆ ಯಾರೂ ಇಲ್ಲದ ದಿನ ರಾಡ್ ಕೈತಪ್ಪಿದರೆ ತಡೆಯುವ ಸೇಫ್ಟಿ ಬಾರ್ ಇರುವ ರ‍್ಯಾಕ್ ಬಿಟ್ಟು ಬೇರೆಡೆ ಮಾಡಬೇಡಿ.